ವರ್ಚುವಲ್ ಟೂರ್‌ಗೆ 360 ಡಿಗ್ರಿ ಪನೋರಮಾ: ಕ್ಯಾಮೆರಾ ನಿಲ್ಲಿಸುವುದರಿಂದ ಸೈಟ್‌ಗೆ ಏರಿಸುವವರೆಗೆ

ಯಾವುದೋ ಸೈಟ್‌ನಲ್ಲಿ ಒಂದು ಕಟ್ಟಡದ ವರ್ಚುವಲ್ ಟೂರ್ ತೆರೆದು, ಬಾಗಿಲ ಮೇಲಿರುವ ಬಾಣ ಒತ್ತುತ್ತೀರಿ. ಚಿತ್ರ ಬದಲಾಗುತ್ತದೆ. ಒಳಗೆ ಬಂದು ನೋಡಿದರೆ ಮುಖ ಗೋಡೆಯ ಕಡೆ, ಬಂದ ಬಾಗಿಲು ಎಡಗಡೆ ಎಲ್ಲೋ ಮೂಲೆಯಲ್ಲಿ. ಸರಿ ಅಂತ ಒಂದು ಸುತ್ತು ತಿರುಗಿ, ಮುಂದಿನ ಬಾಣ ಹುಡುಕಿ ಒತ್ತಿದರೆ ಮತ್ತೆ ಅದೇ ಕಥೆ. ಮೂರನೇ ಕೋಣೆಗೆ ಹೋಗುವಷ್ಟರಲ್ಲಿ ನೋಡುವವರಿಗೆ ತಾವು ಎಲ್ಲಿದ್ದೇವೆ ಅನ್ನುವುದೇ ಗೊತ್ತಾಗದೆ ಟ್ಯಾಬ್ ಮುಚ್ಚುತ್ತಾರೆ. ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ಚಿತ್ರವೂ ಚೆನ್ನಾಗಿಯೇ ಇರುತ್ತದೆ, ಅದೇ ತಮಾಷೆ.

ನಾನು ಮಾಡಿದ ಮೊದಲ ಟೂರ್ ಹೀಗೇ ಇತ್ತು. ಒಳ್ಳೆಯ ಲೆನ್ಸ್, ಎಚ್‌ಡಿಆರ್, ಎಲ್ಲ ಇತ್ತು. ದಿಕ್ಕಿನ ಬಗ್ಗೆ ಮಾತ್ರ ಯೋಚನೆಯೇ ಮಾಡಿರಲಿಲ್ಲ. ಹಾಗಾಗಿ ಇಲ್ಲಿ ಕ್ಯಾಮೆರಾ, ಹೊಲಿಗೆ (ಬಿಡಿ ಚಿತ್ರಗಳನ್ನು ಒಂದಾಗಿ ಜೋಡಿಸುವುದು), ಫೈಲ್ ಸೈಜ್, ವ್ಯೂವರ್ (ಬ್ರೌಸರ್‌ನಲ್ಲಿ ಚಿತ್ರವನ್ನು ತಿರುಗಿಸಿ ತೋರಿಸುವ ಪ್ರೋಗ್ರಾಂ), ಸರ್ವರ್ ಎಲ್ಲವನ್ನೂ ಹೇಳುತ್ತೇನೆ, ಆದರೆ ದಿಕ್ಕಿನ ವಿಷಯ ಬಂದಾಗ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

## ನಮಗೆ ಬೇಕಾದ ಚಿತ್ರ ಯಾವ ಬಗೆಯದು

ಭೂಗೋಳವನ್ನು ಬಿಡಿಸಿ ಗೋಡೆಗೆ ಹಾಕುವ ನಕ್ಷೆ ನೋಡಿದ್ದೀರಲ್ವಾ? ನಮ್ಮ ಚಿತ್ರವೂ ಅಂಥದ್ದೇ. ಕ್ಯಾಮೆರಾ ಗೋಳದ ನಡುವೆ ನಿಂತಿದೆ, ಸುತ್ತಲೂ ಕಾಣುವುದನ್ನೆಲ್ಲ ಆಯತವಾಗಿ ಬಿಡಿಸಿಟ್ಟಿದ್ದೇವೆ. ಇದಕ್ಕೆ ಈಕ್ವಿರೆಕ್ಟ್ಯಾಂಗ್ಯುಲರ್ ಅಂತ ಹೆಸರು. ಅಡ್ಡಕ್ಕೆ 360 ಡಿಗ್ರಿ, ಉದ್ದಕ್ಕೆ 180. ಅಂದರೆ ಅಗಲ ಯಾವಾಗಲೂ ಎತ್ತರದ ಎರಡರಷ್ಟು. 8192 ಅಗಲವಾದರೆ 4096 ಎತ್ತರ. ಈ ಲೆಕ್ಕ ಒಂದು ಪಿಕ್ಸೆಲ್ ತಪ್ಪಿದರೂ ಎಲ್ಲೋ ಏನೋ ಕ್ರಾಪ್ ಆಗಿದೆ ಅಂತಲೇ ಅರ್ಥ. ನಕ್ಷೆಯಲ್ಲಿ ಧ್ರುವಗಳ ಹತ್ತಿರದ ಭೂಮಿ ಎಳೆದ ಹಾಗೆ ಕಾಣುತ್ತದಲ್ಲ, ಇಲ್ಲೂ ಚಾವಣಿ ಮತ್ತು ನೆಲ ಹಾಗೇ ಎಳೆದುಕೊಂಡಿರುತ್ತವೆ. ಹೆದರಬೇಡಿ, ವ್ಯೂವರ್ ಅದನ್ನು ಮತ್ತೆ ಗೋಳಕ್ಕೆ ಸುತ್ತುತ್ತದೆ.

ಫೋನಿನಲ್ಲಿ ಅಡ್ಡಡ್ಡ ಬೀಸಿ ತೆಗೆಯುವ ಪನೋರಮಾ ಇದಲ್ಲ. ಅದರಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ಬೆಟ್ಟದ ಮೇಲಿಂದ ಕಾಣುವ ನೋಟಕ್ಕೆ ಅದು ಸಾಕು, ಒಳಾಂಗಣ ಟೂರ್‌ಗೆ ಸಾಲದು.

## ಮೊದಲ ಕೆಲಸ ಕಾಗದದ ಮೇಲೆ

ಜಾಗದ ಒಂದು ಒರಟು ನಕ್ಷೆ ಬರೆಯಿರಿ. ಕ್ಯಾಮೆರಾ ನಿಲ್ಲುವ ಕಡೆಯಲ್ಲೆಲ್ಲ ಒಂದು ವೃತ್ತ. ಒಂದರಿಂದ ಇನ್ನೊಂದಕ್ಕೆ ಹೋಗುವಂತಿದ್ದರೆ ನಡುವೆ ಒಂದು ಗೆರೆ. ವೃತ್ತ ಅಂದರೆ ಒಂದು ದೃಶ್ಯ, ಗೆರೆ ಅಂದರೆ ಎರಡು ಹಾಟ್‌ಸ್ಪಾಟ್ (ಚಿತ್ರದ ಮೇಲೆ ಒತ್ತುವ ಬಾಣದಂಥ ಗುರುತು): ಹೋಗಲು ಒಂದು, ವಾಪಸ್ ಬರಲು ಒಂದು. ಈ ವಾಪಸ್ ದಾರಿಯನ್ನು ಮರೆಯುವವರು ಬಹಳ ಜನ.

ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಒಂದು ವೃತ್ತದಲ್ಲಿ ನಿಂತಾಗ ಗೆರೆಯ ಆ ತುದಿಯ ವೃತ್ತ ಕಣ್ಣಿಗೆ ಕಾಣಬೇಕು. ಗೋಡೆಯ ಆಚೆ ಇದ್ದರೆ ನಡುವೆ ಇನ್ನೊಂದು ವೃತ್ತ ಸೇರಿಸಿ. ಹಾಗಂತ ಎರಡೆರಡು ಹೆಜ್ಜೆಗೆ ಒಂದು ಹಾಕಬೇಡಿ. ಸಾಧಾರಣ ಕೋಣೆಗೆ ಒಂದು ಸಾಕು, ಉದ್ದನೆಯ ಹಾಲ್‌ಗೆ ಎರಡು ಮೂರು. ಹೊಸ್ತಿಲ ಮೇಲೆ ಮಾತ್ರ ಕ್ಯಾಮೆರಾ ನಿಲ್ಲಿಸಬೇಡಿ. ಚೌಕಟ್ಟು ಎರಡೂ ಕಡೆ ತೀರಾ ಹತ್ತಿರ ಬಂದು ಹೊಲಿಗೆ ಅಲ್ಲೇ ಒಡೆಯುತ್ತದೆ. ಒಂದು ಹೆಜ್ಜೆ ಒಳಗೆ ಇಡಿ.

ಪ್ರತಿ ವೃತ್ತಕ್ಕೂ ಈಗಲೇ ಒಂದು ಚಿಕ್ಕ ಹೆಸರು ಕೊಡಿ. ಇಂಗ್ಲಿಷ್ ಸಣ್ಣಕ್ಷರ, ನಡುವೆ ಖಾಲಿ ಜಾಗ ಬೇಡ. ಇದೇ ಹೆಸರು ಮುಂದೆ ಚಿತ್ರದ ಫೈಲಿಗೂ ದೃಶ್ಯದ ಗುರುತಿಗೂ ಬರುತ್ತದೆ. ಕೊನೆಯಲ್ಲಿ ಬದಲಾಯಿಸಲು ಹೊರಟರೆ ಹತ್ತು ಕಡೆ ಬದಲಾಯಿಸಬೇಕು.

## ಕ್ಯಾಮೆರಾ

ಎರಡು ದಾರಿ ಇದೆ.

ಒಂದೇ ಕ್ಲಿಕ್ಕಿನ 360 ಕ್ಯಾಮೆರಾ ಮೊದಲನೆಯದು. ಬೆನ್ನಿಗೆ ಬೆನ್ನು ಹಚ್ಚಿದ ಎರಡು ಫಿಶ್‌ಐ (ತೀರಾ ಅಗಲವಾಗಿ ನೋಡುವ) ಲೆನ್ಸ್ ಇರುತ್ತವೆ, ಹೊಲಿಗೆಯನ್ನು ಕ್ಯಾಮೆರಾ ಅಥವಾ ಅದರ ಆ್ಯಪ್ ತಾನೇ ಮಾಡಿಕೊಡುತ್ತದೆ. ರಿಕೋ ಥೀಟಾದ ಮೊದಲ ಮಾದರಿ ಬಂದಿದ್ದು 2013ರಲ್ಲಿ. ಆಮೇಲೆ ಬಂದ ಮಾದರಿಗಳಲ್ಲಿ ಥೀಟಾ ಝಡ್1 ಕೊಡುವುದು 6720×3360, ಥೀಟಾ ಎಕ್ಸ್ 11008×5504, ಇನ್‌ಸ್ಟಾ360 ಎಕ್ಸ್3 ಅಂದಾಜು 72 ಮೆಗಾಪಿಕ್ಸೆಲ್. ಈ ಅಂಕಿ ನೋಡಿಯೇ ಮರುಳಾಗಬೇಡಿ. ಝಡ್1ರಲ್ಲಿ ಪಿಕ್ಸೆಲ್ ಕಡಿಮೆ, ಆದರೆ ಒಂದಿಂಚಿನ ಸೆನ್ಸರ್ ಎರಡಿವೆ. ಮಬ್ಬು ಬೆಳಕಿನ ಕೋಣೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಎರಡು ಲೆನ್ಸ್ ಕೂಡುವ ಗೆರೆಯ ಮೇಲೆ ಹತ್ತಿರದ ವಸ್ತು ಬಂದರೆ ಅದು ತುಂಡಾದ ಹಾಗೆ ಕಾಣುತ್ತದೆ, ಯಾಕೆಂದರೆ ಎರಡು ಲೆನ್ಸ್ ಒಂದೇ ಬಿಂದುವಿನಲ್ಲಿ ಇರಲು ಸಾಧ್ಯವಿಲ್ಲ. ಮೇಜು, ಕಂಬ ಎಲ್ಲದರಿಂದಲೂ ಒಂದು ಮೀಟರಾದರೂ ದೂರ ನಿಲ್ಲಿಸಿ.

ಎರಡನೆಯದು ಸಾಮಾನ್ಯ ಕ್ಯಾಮೆರಾ, ಅದಕ್ಕೊಂದು ಫಿಶ್‌ಐ ಲೆನ್ಸ್, ಟ್ರೈಪಾಡ್ ಮೇಲೆ ಪನೋರಮಾ ಹೆಡ್. ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಚಿಕ್ಕ ಅಳತೆಯ) ಸೆನ್ಸರ್ ಮೇಲೆ 8 ಎಂಎಂ ಫಿಶ್‌ಐ ಹಾಕಿ, ಕ್ಯಾಮೆರಾವನ್ನು ಉದ್ದುದ್ದ ಹಿಡಿದರೆ, 60 ಡಿಗ್ರಿಗೊಂದರಂತೆ ಸುತ್ತ ಆರು, ಮೇಲಕ್ಕೊಂದು, ಕೆಳಕ್ಕೊಂದು. ಪಕ್ಕಪಕ್ಕದ ಎರಡು ಚಿತ್ರಗಳಲ್ಲಿ ಕಾಲು ಭಾಗವಾದರೂ ಒಂದೇ ದೃಶ್ಯ ಇರಬೇಕು, ಇಲ್ಲದಿದ್ದರೆ ಹೊಲಿಯಲು ಸಾಫ್ಟ್‌ವೇರಿಗೆ ಹಿಡಿತ ಸಿಗುವುದಿಲ್ಲ. ಕೆಲಸ ಜಾಸ್ತಿ, ಫಲಿತಾಂಶವೂ ಜಾಸ್ತಿ.

ಪನೋರಮಾ ಹೆಡ್ ಯಾಕೆ ಬೇಕು ಅಂತ ಕೇಳುವವರು ಈಗಲೇ ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ. ಹಿಂದಿನ ಗೋಡೆಯ ಮೇಲೆ ಹೆಬ್ಬೆರಳು ಜರುಗಿದ ಹಾಗೆ ಕಾಣುತ್ತದೆ. ಯಾಕೆಂದರೆ ತಲೆ ತಿರುಗುವುದು ಕುತ್ತಿಗೆಯ ಮೇಲೆ, ಕಣ್ಣು ಅದಕ್ಕಿಂತ ಮುಂದಿದೆ. ಕ್ಯಾಮೆರಾದಲ್ಲೂ ಅಷ್ಟೇ, ಟ್ರೈಪಾಡ್ ಸ್ಕ್ರೂ ಒಂದು ಕಡೆ, ಲೆನ್ಸ್ ನಿಜವಾಗಿ ನೋಡುವ ಬಿಂದು ಇನ್ನೊಂದು ಕಡೆ. ಆ ಬಿಂದುವಿನ ಮೇಲೆಯೇ ಕ್ಯಾಮೆರಾ ತಿರುಗುವ ಹಾಗೆ ಹೆಡ್‌ನ ಹಳಿಯನ್ನು ಸರಿಸಬೇಕು. ಹತ್ತಿರದಲ್ಲಿ ಒಂದು ನೆಟ್ಟಗಿನ ಕೋಲು, ದೂರದಲ್ಲಿ ಒಂದು ಕಿಟಕಿಯ ಅಂಚು, ಎರಡೂ ಒಂದೇ ಗೆರೆಯಲ್ಲಿ ಕಾಣುವ ಹಾಗೆ ನಿಲ್ಲಿಸಿ. ಈಗ ಕ್ಯಾಮೆರಾವನ್ನು ತಿರುಗಿಸಿ ಕೋಲು ಚಿತ್ರದ ಎಡ ತುದಿಗೆ, ಆಮೇಲೆ ಬಲ ತುದಿಗೆ ಬರಲಿ. ಕೋಲು ಮತ್ತು ಕಿಟಕಿ ಬೇರೆಯಾದರೆ ಹಳಿಯನ್ನು ಸ್ವಲ್ಪ ಸರಿಸಿ ಮತ್ತೆ ನೋಡಿ. ಬೇರೆಯಾಗುವುದು ನಿಂತ ಜಾಗದಲ್ಲಿ ಹಳಿಯ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಆ ಲೆನ್ಸಿಗೆ ಇನ್ನು ಮುಂದೆ ಅದೇ ಅಂಕಿ.

## ಚಿತ್ರ ತೆಗೆಯುವ ದಿನ

ಆಟೋ ಅನ್ನುವುದನ್ನೆಲ್ಲ ಆಫ್ ಮಾಡಿ. ಎಕ್ಸ್‌ಪೋಷರ್ ಮ್ಯಾನ್ಯುಯಲ್, ವೈಟ್ ಬ್ಯಾಲೆನ್ಸ್ ಒಂದೇ ಅಂಕಿಗೆ ಕಟ್ಟಿಹಾಕಿ, ಫೋಕಸ್ ಕೂಡ ಮ್ಯಾನ್ಯುಯಲ್. ಅಪರ್ಚರ್ ಎಫ್8 ಸುತ್ತಮುತ್ತ, ಐಎಸ್‌ಒ 100 ಅಥವಾ 200, ಸಾಧ್ಯವಿದ್ದರೆ ರಾ (ಕ್ಯಾಮೆರಾ ತಿದ್ದದೆ ಕೊಡುವ ಫೈಲ್). ಒಂದು ಸಲ ವೈಟ್ ಬ್ಯಾಲೆನ್ಸ್ ಆಟೋದಲ್ಲೇ ಬಿಟ್ಟು ಇಡೀ ಮಹಡಿ ಮುಗಿಸಿಬಿಟ್ಟಿದ್ದೆ. ಒಂದೇ ಗೋಡೆ, ಅರ್ಧ ಹಳದಿ, ಅರ್ಧ ನೀಲಿ. ಮರುದಿನ ಮತ್ತೆ ಎಲ್ಲವನ್ನೂ ಹೊತ್ತುಕೊಂಡು ಹೋದೆ.

ಕಿಟಕಿ ಇರುವ ಕೋಣೆಯಲ್ಲಿ ಒಂದೇ ಎಕ್ಸ್‌ಪೋಷರ್ ಸಾಲುವುದಿಲ್ಲ. ಕಿಟಕಿ ಬೆಳ್ಳಗಾಗುತ್ತದೆ, ಇಲ್ಲವೇ ಮೂಲೆ ಕಪ್ಪಾಗುತ್ತದೆ. ಬ್ರಾಕೆಟಿಂಗ್ ಹಾಕಿ, ಅಂದರೆ ಅದೇ ನೋಟವನ್ನು ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ, ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಅಂತರದಲ್ಲಿ ಮೂರು ತೆಗೆಯಿರಿ, ಬಿಸಿಲು ಜೋರಾಗಿದ್ದರೆ ಐದು.

ಟ್ರೈಪಾಡ್ ಎತ್ತರ ಒಂದೂವರೆ ಮೀಟರ್ ಇಟ್ಟುಕೊಂಡರೆ, ಎಲ್ಲ ವೃತ್ತಗಳಲ್ಲೂ ಒಂದೂವರೆ ಮೀಟರೇ. ಒಂದು ಕೋಣೆಯಲ್ಲಿ ಎತ್ತರ, ಇನ್ನೊಂದರಲ್ಲಿ ತಗ್ಗು ಆದರೆ ನಡೆಯುವವರು ಒಮ್ಮೆ ಬೆಳೆದು ಒಮ್ಮೆ ಕುಗ್ಗಿದ ಹಾಗೆ ಆಗುತ್ತದೆ.

ಈಗ ದಿಕ್ಕಿನ ಮೊದಲ ಪಾಠ. ಕಟ್ಟಡದ ಒಂದು ಉದ್ದನೆಯ ಗೋಡೆಯನ್ನು ಆರಿಸಿಕೊಳ್ಳಿ. ಆ ಗೋಡೆ ಸಾಗುವ ಕಡೆಯೇ ನಿಮ್ಮ ಟೂರ್‌ನ ‘ಉತ್ತರ’. ನಿಜವಾದ ಉತ್ತರ ಆಗಿರಬೇಕಿಲ್ಲ. ಕಟ್ಟಡದೊಳಗೆ ಫೋನಿನ ದಿಕ್ಸೂಚಿಯನ್ನು ನಂಬಲೂ ಬೇಡಿ, ಗೋಡೆಯೊಳಗಿನ ಕಬ್ಬಿಣಕ್ಕೆ ಅದು ಅಲ್ಲಾಡುತ್ತದೆ. ಪ್ರತಿ ವೃತ್ತದಲ್ಲೂ ಮೊದಲ ಚಿತ್ರ ಅದೇ ದಿಕ್ಕಿಗೆ. 360 ಕ್ಯಾಮೆರಾ ಆದರೆ ಮುಂದಿನ ಲೆನ್ಸ್ ಯಾವಾಗಲೂ ಆ ಕಡೆಗೇ. ಟ್ರೈಪಾಡ್‌ನ ಒಂದು ಕಾಲಿಗೆ ಬಣ್ಣದ ಟೇಪ್ ಸುತ್ತಿ, ಆ ಕಾಲು ಸದಾ ‘ಉತ್ತರ’ಕ್ಕೆ ಅಂತ ಇಟ್ಟುಕೊಂಡರೆ ಮರೆಯುವುದಿಲ್ಲ. ಇಲ್ಲಿ ಹತ್ತು ಸೆಕೆಂಡು ಖರ್ಚು ಮಾಡಿದರೆ ಆಮೇಲೆ ಒಂದು ಸಂಜೆ ಉಳಿಯುತ್ತದೆ.

ಇನ್ನು ಚಿಲ್ಲರೆ ವಿಷಯಗಳು. ಫ್ಯಾನ್ ಆಫ್. ಒಂದು ದೃಶ್ಯದಲ್ಲಿ ತೆರೆದಿದ್ದ ಬಾಗಿಲು ಮುಂದಿನ ದೃಶ್ಯದಲ್ಲೂ ತೆರೆದೇ ಇರಲಿ. ಕನ್ನಡಿಯಲ್ಲಿ ಟ್ರೈಪಾಡ್ ಕಂಡೇ ಕಾಣುತ್ತದೆ, ನೀವು ಮಾತ್ರ ಕಾಣದ ಹಾಗೆ ಪಕ್ಕದ ಕೋಣೆಗೆ ಹೋಗಿ ಫೋನಿಂದ ಶಟರ್ ಒತ್ತಿ. ಪ್ರತಿ ವೃತ್ತ ಶುರು ಮಾಡುವ ಮೊದಲು ಅದರ ಹೆಸರು ಬರೆದ ಚೀಟಿಯ ಒಂದು ಫೋಟೊ ತೆಗೆಯಿರಿ. ಸಂಜೆ ಇನ್ನೂರು ಫೈಲ್ ಮುಂದಿಟ್ಟುಕೊಂಡು ಕೂತಾಗ ಆ ಚೀಟಿಯೇ ಕೈ ಹಿಡಿಯುತ್ತದೆ.

## ಹೊಲಿಗೆ

360 ಕ್ಯಾಮೆರಾ ಇದ್ದವರು ಇದನ್ನು ಅರ್ಧ ದಾಟಬಹುದು. ಉಳಿದವರಿಗೆ ಹೊಲಿಯುವ ಸಾಫ್ಟ್‌ವೇರ್ ಬೇಕು: ಹಗಿನ್ ಉಚಿತ, ಪಿಟಿಗುಯಿ ಹಣ ಕೊಟ್ಟು ಕೊಳ್ಳುವಂಥದ್ದು. ಹೆಲ್ಮುಟ್ ಡೆರ್ಶ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು 1998ರಲ್ಲಿ ಬಿಟ್ಟ ಪನೋರಮಾ ಟೂಲ್ಸ್ ಈ ಎರಡಕ್ಕೂ ಬೇರು. ನಾನು ಹಗಿನ್ ಇಟ್ಟುಕೊಂಡೇ ಹೇಳುತ್ತೇನೆ.

ಒಂದು ವೃತ್ತದ ಚಿತ್ರಗಳನ್ನೆಲ್ಲ ಒಳಗೆ ತನ್ನಿ. ಲೆನ್ಸ್ ಬಗೆ ಫಿಶ್‌ಐ ಅಂತ ಆರಿಸಿ, ಫೋಕಲ್ ಲೆಂತ್ ಸರಿಯಾಗಿ ಕೊಡಿ. ಇದು ತಪ್ಪಿದರೆ ಮುಂದಿನದೆಲ್ಲ ತಪ್ಪು. ಆಮೇಲೆ ಕಂಟ್ರೋಲ್ ಪಾಯಿಂಟ್ ಹುಡುಕಿಸಿ. ಅಂದರೆ ಎರಡು ಚಿತ್ರಗಳಲ್ಲೂ ಇರುವ ಒಂದೇ ಚುಕ್ಕೆಯನ್ನು ಸಾಫ್ಟ್‌ವೇರ್ ಗುರುತು ಹಿಡಿಯುತ್ತದೆ. ಆಪ್ಟಿಮೈಸ್ ಮಾಡಿದ ಮೇಲೆ, ಅಂದರೆ ಆ ಚುಕ್ಕೆಗಳು ಒಂದರ ಮೇಲೊಂದು ಕೂರುವ ಹಾಗೆ ಚಿತ್ರಗಳನ್ನು ಹೊಂದಿಸಿದ ಮೇಲೆ, ಪಟ್ಟಿ ತೆರೆದು, ಎರಡು ಚುಕ್ಕೆಗಳ ನಡುವೆ ಉಳಿದ ದೂರ ಅತಿ ಹೆಚ್ಚಿರುವ ಪಾಯಿಂಟ್‌ಗಳನ್ನು ಕಣ್ಣಲ್ಲಿ ನೋಡಿ. ಸಾಮಾನ್ಯವಾಗಿ ಅವು ಮೋಡದ ಮೇಲೆ, ಅಲ್ಲಾಡುವ ಎಲೆಯ ಮೇಲೆ, ನಡೆದುಹೋದ ಯಾರದೋ ಅಂಗಿಯ ಮೇಲೆ ಇರುತ್ತವೆ. ಅಳಿಸಿ, ಮತ್ತೆ ಆಪ್ಟಿಮೈಸ್ ಮಾಡಿ.

ಬಹಳ ಜನ ಬಿಟ್ಟುಬಿಡುವ ಒಂದು ಹೆಜ್ಜೆ ಇದೆ: ವರ್ಟಿಕಲ್ ಗೆರೆ. ಬಾಗಿಲ ಚೌಕಟ್ಟು, ಗೋಡೆಯ ಮೂಲೆ, ಹೀಗೆ ನಿಜವಾಗಿ ನೆಟ್ಟಗಿರುವ ಮೂರು ನಾಲ್ಕು ಅಂಚುಗಳ ಮೇಲೆ, ಸುತ್ತಲೂ ಹಂಚಿಹೋಗುವ ಹಾಗೆ, ಒಂದೇ ಚಿತ್ರದಲ್ಲಿ ಮೇಲೊಂದು ಕೆಳಗೊಂದು ಪಾಯಿಂಟ್ ಇಟ್ಟು ‘ಇದು ಲಂಬ ಗೆರೆ’ ಅಂತ ಹೇಳಿ. ಇದು ಮಾಡದಿದ್ದರೆ ತಿರುಗಿಸುವಾಗ ನೆಲ ದೋಣಿಯ ಹಾಗೆ ಓಲಾಡುತ್ತದೆ.

ಪ್ರೊಜೆಕ್ಷನ್ ಈಕ್ವಿರೆಕ್ಟ್ಯಾಂಗ್ಯುಲರ್, 360 ಅಡ್ಡ, 180 ಉದ್ದ, ಕ್ರಾಪ್ ಏನೂ ಬೇಡ. ಚಿತ್ರದ ನಟ್ಟನಡುವೆ ನಿಮ್ಮ ‘ಉತ್ತರ’ ಬಂದಿದೆಯೇ ನೋಡಿ, ಇಲ್ಲದಿದ್ದರೆ ಇಲ್ಲೇ ತಿರುಗಿಸಿ ಸರಿ ಮಾಡಿ. ಬ್ರಾಕೆಟ್ ಮಾಡಿದ್ದರೆ ಎಕ್ಸ್‌ಪೋಷರ್ ಫ್ಯೂಷನ್ ಆರಿಸಿ, ಅದು ಆ ಮೂರನ್ನೂ ಬೆರೆಸಿ ಒಂದು ಮಾಡುತ್ತದೆ. ಹೊರಗೆ ಬರುವುದು ಟಿಫ್ ಆಗಿರಲಿ, ಅದೇ ನಿಮ್ಮ ಮೂಲ ಪ್ರತಿ.

ಆಮೇಲೆ ಫೋಟೊ ಎಡಿಟರ್‌ನಲ್ಲಿ ತಿದ್ದುವಾಗ ಒಂದು ಎಚ್ಚರ. ಈ ಚಿತ್ರದ ಎಡ ಅಂಚು ಮತ್ತು ಬಲ ಅಂಚು ಒಂದೇ ಜಾಗ. ವಿನ್ಯೆಟ್, ಕ್ಲಾರಿಟಿ, ಜೋರಾದ ಶಾರ್ಪನಿಂಗ್ ಹಾಕಿದರೆ ಎಡಿಟರಿಗೆ ಆ ನಂಟು ಗೊತ್ತಿರುವುದಿಲ್ಲ, ಎರಡು ಅಂಚು ಎರಡು ಬಗೆಯಾಗಿ ಟೂರ್‌ನಲ್ಲಿ ನೆಲದಿಂದ ಚಾವಣಿವರೆಗೆ ಒಂದು ಗೆರೆ ಏಳುತ್ತದೆ. ಆಫ್‌ಸೆಟ್ ಫಿಲ್ಟರ್‌ನಿಂದ ಚಿತ್ರವನ್ನು ಅರ್ಧ ಅಗಲ ಸರಿಸಿ ನಡುವೆ ನೋಡಿ, ಗೆರೆ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ತಿದ್ದಿದ ಮೇಲೆ ಅಷ್ಟೇ ವಾಪಸ್ ಸರಿಸುವುದನ್ನು ಮರೆಯಬೇಡಿ, ಮರೆತರೆ ದಿಕ್ಕು 180 ಡಿಗ್ರಿ ತಪ್ಪುತ್ತದೆ.

ಕಾಲಡಿ ಟ್ರೈಪಾಡ್ ಉಳಿದಿರುತ್ತದೆ. ಪನೋರಮಾವನ್ನು ಆರು ಮುಖದ ಕ್ಯೂಬ್ ಆಗಿ ಬಿಡಿಸಿ, ಕೆಳಮುಖವನ್ನು ಕ್ಲೋನ್ ಟೂಲ್‌ನಿಂದ ತಿದ್ದಿ, ಮತ್ತೆ ಸೇರಿಸುವುದು ಸರಿಯಾದ ದಾರಿ. ಅಲ್ಲಿ ದೊಡ್ಡ ಗುಂಡು ಲೋಗೋ ಅಂಟಿಸುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ, ಕೆಳಗೆ ನೋಡಿದಾಗಲೆಲ್ಲ ಜಾಹೀರಾತಿನ ಮೇಲೆ ನಿಂತ ಹಾಗೆ. ಇದೇ ಹೊತ್ತಿನಲ್ಲಿ ಜನರ ಮುಖ, ಗಾಡಿಯ ನಂಬರ್, ಮೇಜಿನ ಮೇಲಿನ ಕಾಗದ, ತೆರೆದಿಟ್ಟ ಕಂಪ್ಯೂಟರ್ ಪರದೆ, ಎಲ್ಲ ಮಸುಕು ಮಾಡಿ. ನೋಡುವವರು ಜೂಮ್ ಮಾಡಿಯೇ ಮಾಡುತ್ತಾರೆ.

## ಎಷ್ಟು ಪಿಕ್ಸೆಲ್ ಸಾಕು?

1920 ಪಿಕ್ಸೆಲ್ ಅಗಲದ ಪರದೆ ತೆಗೆದುಕೊಳ್ಳಿ. ಒಂದು ಹೊತ್ತಿಗೆ 100 ಡಿಗ್ರಿ ಕಾಣುತ್ತಿದ್ದರೆ ಪರದೆಯ ನಡುವೆ ಒಂದು ಡಿಗ್ರಿಗೆ ಸುಮಾರು 14 ಪಿಕ್ಸೆಲ್ ಬೀಳುತ್ತದೆ, ಹಾಗಾಗಿ ಇಡೀ ಪನೋರಮಾ 5000 ಚಿಲ್ಲರೆ ಅಗಲ ಇದ್ದರೆ ಸಾಕು. 50 ಡಿಗ್ರಿವರೆಗೆ ಜೂಮ್ ಮಾಡಲು ಬಿಟ್ಟರೆ ಡಿಗ್ರಿಗೆ 36 ಬೇಕು, ಅಂದರೆ 13000 ಹತ್ತಿರ. ನಿಮ್ಮ ಹತ್ತಿರ ಇರುವುದು 8192 ಆದರೆ ಜೂಮ್ ಅನ್ನು 70 ಡಿಗ್ರಿಗೆ ನಿಲ್ಲಿಸಿಬಿಡಿ. ಮಸುಕು ಕಾಣುವ ಮೊದಲೇ ಜೂಮ್ ನಿಂತರೆ ಚಿತ್ರ ಚೂಪಾಗಿದೆ ಅಂತಲೇ ಅನ್ನಿಸುತ್ತದೆ.

ಹಾಗಾದರೆ ದೊಡ್ಡದನ್ನೇ ಹಾಕೋಣ ಅಂದರೆ ಇನ್ನೊಂದು ತೊಡಕಿದೆ. 8192×4096 ಜೆಪೆಗ್ ಡಿಸ್ಕ್ ಮೇಲೆ ಕೆಲವೇ ಎಂಬಿ ಇರಬಹುದು, ಆದರೆ ಗ್ರಾಫಿಕ್ಸ್ ಮೆಮೊರಿಗೆ ಹೋಗುವಾಗ ಬಿಚ್ಚಿಕೊಂಡು ಪಿಕ್ಸೆಲ್‌ಗೆ 4 ಬೈಟ್ ಲೆಕ್ಕದಲ್ಲಿ 128 ಎಂಬಿ ಆಗುತ್ತದೆ. 16384 ಅಗಲವಾದರೆ 512 ಎಂಬಿ. ಜತೆಗೆ ವೆಬ್‌ಜಿಎಲ್‌ನಲ್ಲಿ (ಬ್ರೌಸರ್ ಗ್ರಾಫಿಕ್ಸ್ ಚಿಪ್ ಬಳಸಿ ಚಿತ್ರ ಬಿಡಿಸುವ ವ್ಯವಸ್ಥೆ) ಒಂದು ಚಿತ್ರ ಎಷ್ಟು ಅಗಲ ಇರಬಹುದು ಅನ್ನುವ ಮಿತಿ ಯಂತ್ರದಿಂದ ಯಂತ್ರಕ್ಕೆ ಬೇರೆ, ಹಳೆಯ ಫೋನ್‌ಗಳಲ್ಲಿ 4096ಕ್ಕೇ ನಿಲ್ಲುತ್ತದೆ. ಮೀರಿದರೆ ಚಿತ್ರ ಬರುವುದೇ ಇಲ್ಲ.

ಹೀಗಾಗಿ ಎರಡರಲ್ಲಿ ಒಂದು. ಚಿಕ್ಕ ಟೂರ್ ಆದರೆ 4096×2048 ಜೆಪೆಗ್, ಗುಣಮಟ್ಟ 80 ಸುಮಾರು, ಮುಗೀತು. ದೊಡ್ಡ ಪರದೆಯಲ್ಲಿ ಸ್ವಲ್ಪ ಮೆದುವಾಗಿ ಕಾಣುತ್ತದೆ ಅಷ್ಟೇ. ಅದು ಸಾಲದು ಅಂದರೆ ಮಲ್ಟಿರೆಸ್. ಚಿತ್ರವನ್ನು ಕ್ಯೂಬ್ ಮಾಡಿ, ಒಂದೊಂದು ಮುಖವನ್ನೂ 512 ಪಿಕ್ಸೆಲ್‌ನ ಟೈಲ್‌ಗಳಾಗಿ ಹಲವು ಹಂತದಲ್ಲಿ ಕತ್ತರಿಸುವುದು, ನೋಡುವ ಕಡೆಯ ಟೈಲ್ ಮಾತ್ರ ಇಳಿಯುತ್ತದೆ. 8192 ಅಗಲದ ಚಿತ್ರದಿಂದ ಒಂದೊಂದು ಮುಖ ಅಂದಾಜು 2600 ಪಿಕ್ಸೆಲ್ ಆಗುತ್ತದೆ, ಎಲ್ಲ ಹಂತ ಸೇರಿ ದೃಶ್ಯಕ್ಕೆ ಸುಮಾರು 300 ಪುಟ್ಟ ಫೈಲ್. ಇಪ್ಪತ್ತು ದೃಶ್ಯಕ್ಕೆ ಆರು ಸಾವಿರ! ಅವನ್ನು ಒಂದೊಂದಾಗಿ ಎಫ್‌ಟಿಪಿಯಲ್ಲಿ ಏರಿಸುತ್ತಾ ಕೂರಬೇಡಿ, ಜಿಪ್ ಮಾಡಿ ಏರಿಸಿ ಸರ್ವರ್‌ನಲ್ಲೇ ಬಿಚ್ಚಿ.

## ವ್ಯೂವರ್

ಉಚಿತವಾಗಿ ಸಿಗುವ ಓಪನ್ ಸೋರ್ಸ್ ವ್ಯೂವರ್‌ಗಳಲ್ಲಿ ಪ್ಯಾನೆಲಮ್, ಮಾರ್ಜಿಪಾನೊ, ಫೋಟೊ ಸ್ಫಿಯರ್ ವ್ಯೂವರ್ ಹೆಸರುವಾಸಿ. ಹಣ ಕೊಡುವುದಾದರೆ ಕೆಆರ್‌ಪಾನೊ. ಕೋಡ್ ಮುಟ್ಟಲು ಇಷ್ಟವಿಲ್ಲದವರಿಗೆ ಮಾರ್ಜಿಪಾನೊ ಟೂಲ್ ಹಿತ, ಬ್ರೌಸರ್‌ನಲ್ಲೇ ಚಿತ್ರ ಎಳೆದು ಹಾಕಿ, ಬಾಣಗಳನ್ನಿಟ್ಟು, ಜಿಪ್ ಇಳಿಸಿಕೊಳ್ಳಬಹುದು. ನಾನು ಬಳಸುವುದು ಪ್ಯಾನೆಲಮ್. ಒಂದು ಜಾವಾಸ್ಕ್ರಿಪ್ಟ್ ಫೈಲ್, ಒಂದು ಸಿಎಸ್‌ಎಸ್ ಫೈಲ್, ಅಷ್ಟೇ. ಮಲ್ಟಿರೆಸ್ ಟೈಲ್ ಕತ್ತರಿಸಲು ಅದರ ಜತೆಗೇ ಪೈಥಾನ್ ಸ್ಕ್ರಿಪ್ಟ್ ಬರುತ್ತದೆ, ಅದಕ್ಕೆ ಹಗಿನ್ ಕಂಪ್ಯೂಟರ್‌ನಲ್ಲಿ ಇರಬೇಕು.

ಒಂದು ಫೋಲ್ಡರ್ ಮಾಡಿ. ಅದರಲ್ಲಿ ಇಂಡೆಕ್ಸ್ ಪುಟ, ಪ್ಯಾನೆಲಮ್‌ನ ಎರಡು ಫೈಲ್, ಚಿತ್ರಗಳಿಗೆ ಒಂದು ಒಳ ಫೋಲ್ಡರ್. ಪುಟದಲ್ಲಿ ಒಂದು ಖಾಲಿ ಡಿವ್ (ಚಿತ್ರ ಕೂರುವ ಚೌಕ) ಇಟ್ಟು ಅದಕ್ಕೊಂದು ಐಡಿ ಕೊಡಿ, ಸಿಎಸ್‌ಎಸ್‌ನಲ್ಲಿ ಎತ್ತರವನ್ನೂ ಕೊಡಿ. ಎತ್ತರ ಕೊಡದಿದ್ದರೆ ಡಿವ್ ಸೊನ್ನೆ ಎತ್ತರಕ್ಕೆ ಕುಗ್ಗಿ ಏನೂ ಕಾಣುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಆಮೇಲೆ ಸ್ಕ್ರಿಪ್ಟ್‌ನಲ್ಲಿ ಪ್ಯಾನೆಲಮ್‌ನ ವ್ಯೂವರ್ ಫಂಕ್ಷನ್‌ಗೆ ಆ ಐಡಿ ಮತ್ತು ಸೆಟ್ಟಿಂಗ್‌ಗಳ ಪಟ್ಟಿ ಕೊಡುವುದು.

ಪಟ್ಟಿಯಲ್ಲಿ ಎರಡು ಭಾಗ: ‘ಡಿಫಾಲ್ಟ್’ ಮತ್ತು ‘ಸೀನ್ಸ್’. ಡಿಫಾಲ್ಟ್‌ನಲ್ಲಿ ‘ಫಸ್ಟ್ ಸೀನ್’ ಯಾವುದು, ‘ಸೀನ್ ಫೇಡ್ ಡ್ಯುರೇಷನ್’ ಎಷ್ಟು ಮಿಲಿಸೆಕೆಂಡ್ (ನಾನು 1000 ಇಡುತ್ತೇನೆ). ಸೀನ್ಸ್‌ನಲ್ಲಿ ಕಾಗದದ ಮೇಲಿನ ಒಂದೊಂದು ವೃತ್ತಕ್ಕೂ ಒಂದು ತುಂಡು: ಶೀರ್ಷಿಕೆ, ‘ಟೈಪ್’, ‘ಪನೋರಮಾ’ ಅಂದರೆ ಫೈಲಿನ ದಾರಿ, ಮತ್ತು ‘ಹಾಟ್ ಸ್ಪಾಟ್ಸ್’. ಇವನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯುವಾಗ ಪದಗಳನ್ನು ಸೇರಿಸಿ, ಎರಡನೇ ಪದದಿಂದ ಮೊದಲಕ್ಷರ ದೊಡ್ಡದು ಮಾಡಬೇಕು. ಹಾಟ್ ಬೇರೆ, ಸ್ಪಾಟ್ಸ್ ಬೇರೆ ಪದ ಅಂತ ಎಣಿಕೆ, ಹಾಗಾಗಿ ನಡುವಿನ ಎಸ್ ದೊಡ್ಡಕ್ಷರ. ಇದೊಂದು ಅಕ್ಷರಕ್ಕೆ ನಾನು ಒಂದು ಮಧ್ಯಾಹ್ನ ಕಳೆದಿದ್ದೇನೆ: ಚಿತ್ರ ಬರುತ್ತಿತ್ತು, ಬಾಣ ಮಾತ್ರ ಒಂದೂ ಇಲ್ಲ.

ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದರೆ ಚಿತ್ರ ಬರುವುದಿಲ್ಲ. ಡಿಸ್ಕ್‌ನಿಂದ ನೇರವಾಗಿ ತೆರೆದ ಪುಟ ಹೀಗೆ ಬೇರೆ ಫೈಲಿನ ಚಿತ್ರವನ್ನು ವೆಬ್‌ಜಿಎಲ್‌ಗೆ ಕೊಡುವುದನ್ನು ಬ್ರೌಸರ್ ಭದ್ರತೆಗಾಗಿ ತಡೆಯುತ್ತದೆ. ಪೈಥಾನ್ ಇದ್ದರೆ ಅದರ ಎಚ್‌ಟಿಟಿಪಿ ಸರ್ವರ್ ಮಾಡ್ಯೂಲನ್ನು ಆ ಫೋಲ್ಡರ್‌ನಲ್ಲಿ ಒಂದು ಸಾಲಿನಲ್ಲಿ ಓಡಿಸಿ, ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ 8000 ತೆರೆಯಿರಿ.

## ದಿಕ್ಕಿನ ಲೆಕ್ಕ

ವ್ಯೂವರ್ ಎರಡು ಕೋನದಲ್ಲಿ ಮಾತಾಡುತ್ತದೆ. ‘ಯಾ’ ಅಂದರೆ ಎಡಬಲ. ಚಿತ್ರದ ನಡು ಸೊನ್ನೆ, ಬಲಕ್ಕೆ ಪ್ಲಸ್ 180ರವರೆಗೆ, ಎಡಕ್ಕೆ ಮೈನಸ್. ‘ಪಿಚ್’ ಅಂದರೆ ಮೇಲೆ ಕೆಳಗೆ. ಕಣ್ಣಿನ ಮಟ್ಟ ಸೊನ್ನೆ, ಚಾವಣಿ 90, ಕಾಲಡಿ ಮೈನಸ್ 90.

ಹಾಟ್‌ಸ್ಪಾಟ್ ಎಲ್ಲಿಡಬೇಕು ಅಂತ ಊಹೆ ಮಾಡಬೇಡಿ. ಸೆಟ್ಟಿಂಗ್‌ನಲ್ಲಿ ‘ಹಾಟ್ ಸ್ಪಾಟ್ ಡಿಬಗ್’ ಅನ್ನು ಟ್ರೂ ಮಾಡಿ, ಬ್ರೌಸರ್‌ನ ಕನ್ಸೋಲ್ (ಪುಟದ ಸಂದೇಶಗಳು ಬೀಳುವ ಕಿಟಕಿ) ತೆರೆದು, ಚಿತ್ರದ ಮೇಲೆ ಬೇಕಾದ ಕಡೆ ಕ್ಲಿಕ್ ಮಾಡಿ. ಎರಡೂ ಕೋನ ಅಲ್ಲೇ ಬೀಳುತ್ತವೆ. ಫೋಟೊ ಎಡಿಟರ್‌ನಿಂದಲೂ ತೆಗೆಯಬಹುದು: 8192 ಅಗಲದಲ್ಲಿ ಬಾಗಿಲು 5461ನೇ ಪಿಕ್ಸೆಲ್‌ನಲ್ಲಿ ಇದ್ದರೆ, 5461 ಭಾಗಿಸು 8192, ಅದರಿಂದ ಅರ್ಧ ಕಳೆದು 360ರಿಂದ ಗುಣಿಸಿದರೆ 60 ಡಿಗ್ರಿ.

ಬಾಣವನ್ನು ಗಾಳಿಯಲ್ಲಿ ತೇಲಿಬಿಡುವ ಬದಲು ನೆಲದ ಮೇಲೆ, ಮುಂದಿನ ಕ್ಯಾಮೆರಾ ನಿಂತಿದ್ದ ಜಾಗದಲ್ಲೇ ಇಡಿ. ಕ್ಯಾಮೆರಾ ಒಂದೂವರೆ ಮೀಟರ್ ಎತ್ತರದಲ್ಲಿದ್ದು ಮುಂದಿನ ವೃತ್ತ 3 ಮೀಟರ್ ದೂರ ಇದ್ದರೆ ಪಿಚ್ ಸುಮಾರು ಮೈನಸ್ 27, 6 ಮೀಟರ್ ಆದರೆ ಮೈನಸ್ 14. ಇದರಿಂದ ಹತ್ತಿರದ್ದು ಯಾವುದು, ದೂರದ್ದು ಯಾವುದು ಅಂತ ಹೇಳದೆಯೇ ಗೊತ್ತಾಗುತ್ತದೆ.

ಈಗ ನಿಜವಾದ ಕಿತಾಪತಿ. ಹಾಲ್‌ನಿಂದ ಕೋಣೆಗೆ ಹೋಗುತ್ತಿದ್ದೇವೆ ಅಂದುಕೊಳ್ಳಿ. ಹಾಲ್‌ನ ಪನೋರಮಾದ ನಡು ‘ಉತ್ತರ’ಕ್ಕೇ ಇದೆ. ಕೋಣೆಯಲ್ಲಿ ಚಿತ್ರ ತೆಗೆಯುವಾಗ ಮರೆತು ಅದರ ನಡು ‘ಪೂರ್ವ’ಕ್ಕೆ, ಅಂದರೆ 90 ಡಿಗ್ರಿಗೆ ಬಂದಿದೆ. ಹಾಲ್‌ನಲ್ಲಿ ಕೋಣೆಯ ಬಾಣ ‘ಯಾ’ 60ರಲ್ಲಿದೆ. ಬಾಣ ಒತ್ತಿದವರು 60 ಡಿಗ್ರಿ ಕಡೆ ಮುಖ ಮಾಡಿ ನಡೆಯುತ್ತಾರೆ, ಒಳಗೆ ಹೋದ ಮೇಲೂ ಅದೇ ಕಡೆ ನೋಡುತ್ತಿರಬೇಕು. ಕೋಣೆಯ ಚಿತ್ರದಲ್ಲಿ ಆ ದಿಕ್ಕು 60ರಿಂದ 90 ಕಳೆದರೆ ಮೈನಸ್ 30. ಇದೇ ಆ ಹಾಟ್‌ಸ್ಪಾಟ್‌ನ ‘ಟಾರ್ಗೆಟ್ ಯಾ’. ಇದನ್ನು ಬರೆಯದಿದ್ದರೆ ವ್ಯೂವರ್ ಕೋಣೆಯ ಆರಂಭದ ನೋಟವನ್ನೇ ತೋರಿಸುತ್ತದೆ, ನೋಡುವವರ ತಲೆಯನ್ನು ಯಾರೋ ಹಿಡಿದು ಪಕ್ಕಕ್ಕೆ ತಿರುಗಿಸಿದ ಹಾಗೆ.

ವಾಪಸ್ ಬಾಣ? ಹಾಲ್‌ನಿಂದ ಕೋಣೆ 60ಕ್ಕೆ ಕಂಡರೆ ಕೋಣೆಯಿಂದ ಹಾಲ್ ಅದರ ಎದುರು, 240ಕ್ಕೆ. 240ರಿಂದ 90 ಕಳೆದರೆ 150. ಕೋಣೆಯಲ್ಲಿ ವಾಪಸ್ ಬಾಣ ‘ಯಾ’ 150ರಲ್ಲಿ ಇರಲೇಬೇಕು. ಡಿಬಗ್‌ನಲ್ಲಿ ಕ್ಲಿಕ್ ಮಾಡಿದಾಗ 120 ಬಂದರೆ ಬಾಗಿಲು ತಪ್ಪಿಲ್ಲ, ನಿಮ್ಮ 90 ತಪ್ಪು. ಹೀಗೆ ಹೋಗುವ ಬಾಣ ಬರುವ ಬಾಣವನ್ನು ಪರೀಕ್ಷೆ ಮಾಡುತ್ತದೆ. ಹಾಲ್‌ಗೆ ವಾಪಸ್ ಬಂದಾಗಿನ ಟಾರ್ಗೆಟ್ 240, ಅಂದರೆ ಮೈನಸ್ 120.

ಪ್ರತಿ ಬಾಣಕ್ಕೂ ಈ ಲೆಕ್ಕ ಬೇಡ ಅನ್ನುವವರಿಗೆ ಪ್ಯಾನೆಲಮ್‌ನಲ್ಲಿ ಒಂದು ಅಡ್ಡದಾರಿ ಇದೆ. ಪ್ರತಿ ದೃಶ್ಯಕ್ಕೂ ‘ನಾರ್ತ್ ಆಫ್‌ಸೆಟ್’ ಬರೆಯಿರಿ: ಹಾಲ್‌ಗೆ 0, ಕೋಣೆಗೆ 90. ಆಮೇಲೆ ಬಾಣದ ಟಾರ್ಗೆಟ್ ಯಾ ಜಾಗದಲ್ಲಿ ಅಂಕಿಯ ಬದಲು ‘ಸೇಮ್ ಅಜಿಮತ್’ ಅಂತ ಬರೆದರೆ, ನೋಡುವವರು ಆ ಕ್ಷಣ ಎತ್ತ ನೋಡುತ್ತಿದ್ದರೋ ಅತ್ತಲೇ ಮುಖವಿಟ್ಟು ಮುಂದಿನ ದೃಶ್ಯ ತೆರೆದುಕೊಳ್ಳುತ್ತದೆ. ಚಿತ್ರ ತೆಗೆಯುವಾಗಲೇ ಟೇಪ್ ಸುತ್ತಿದ ಕಾಲನ್ನು ಒಂದೇ ಕಡೆ ಇಟ್ಟವರಿಗೆ ಎಲ್ಲ ಆಫ್‌ಸೆಟ್ಟೂ ಸೊನ್ನೆ. ಅವರು ಸುಮ್ನೆ ‘ಸೇಮ್’ ಅಂತ ಬರೆದು ಮುಂದೆ ಹೋಗಬಹುದು. ಮೆಟ್ಟಿಲ ಹತ್ತಿರ ಮಾತ್ರ ಇದನ್ನು ಬಿಟ್ಟು ಕೈಯಲ್ಲೇ ಅಂಕಿ ಬರೆಯಿರಿ. ತಿರುವು ಇರುವ ಮೆಟ್ಟಿಲು ಹತ್ತಿ ಮೇಲೆ ಬಂದವರು ಕೆಳಗೆ ನೋಡುತ್ತಿದ್ದ ಕಡೆ ನೋಡುತ್ತಿರುವುದಿಲ್ಲವಲ್ಲ.

ಮಾಹಿತಿ ತೋರಿಸುವ ‘ಇನ್ಫೊ’ ಹಾಟ್‌ಸ್ಪಾಟ್‌ಗಳು ದೃಶ್ಯಕ್ಕೆ ಮೂರು ನಾಲ್ಕು ಇದ್ದರೆ ಸಾಕು. ಬಾಣಗಳು ಹೆಬ್ಬೆರಳಿಗೆ ಸಿಗುವಷ್ಟು ದೊಡ್ಡವಿರಲಿ, ಅಂದಾಜು 44 ಪಿಕ್ಸೆಲ್.

## ಸರ್ವರ್‌ಗೆ ಏರಿಸಿ, ಫೋನಿನಲ್ಲಿ ನೋಡಿ

ನಿಮ್ಮ ಕಂಪ್ಯೂಟರ್‌ನಲ್ಲಿ ಸರಿಯಾಗಿದ್ದ ಟೂರ್ ಸರ್ವರ್‌ನಲ್ಲಿ ಕಪ್ಪಾದರೆ ಮೊದಲು ಫೈಲ್ ಹೆಸರು ನೋಡಿ. ವಿಂಡೋಸ್‌ಗೆ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ, ಲಿನಕ್ಸ್ ಸರ್ವರ್‌ಗೆ ಬೇರೆ ಬೇರೆ. ಚಿತ್ರಗಳು ಬೇರೆ ಡೊಮೇನ್ ಅಥವಾ ಸಿಡಿಎನ್ (ಫೈಲ್ ಹಂಚುವ ಸರ್ವರ್‌ಗಳ ಜಾಲ) ಮೇಲಿದ್ದರೆ ಅಲ್ಲಿಂದ ಕಾರ್ಸ್ (CORS) ಹೆಡರ್, ಅಂದರೆ ಬೇರೆ ಸೈಟ್ ಈ ಫೈಲ್ ಬಳಸಬಹುದು ಅನ್ನುವ ಅನುಮತಿ, ಬರಬೇಕು. ಸಾಮಾನ್ಯ ಇಮೇಜ್ ಟ್ಯಾಗ್‌ಗೆ ಅದು ಬೇಕಿಲ್ಲ, ವೆಬ್‌ಜಿಎಲ್‌ಗೆ ಬೇಕು. ಫೋನ್ ತಿರುಗಿಸಿದ ಹಾಗೆ ಚಿತ್ರ ತಿರುಗಬೇಕು ಅಂದರೆ ಎಚ್‌ಟಿಟಿಪಿಎಸ್ ಇರಲೇಬೇಕು. ಐಫೋನ್‌ನಲ್ಲಿ ಐಒಎಸ್ 13ರಿಂದ ಬಳಕೆದಾರರು ಬಟನ್ ಒತ್ತಿ ಒಪ್ಪಿಗೆ ಕೊಡದೆ ಅದು ಕೆಲಸ ಮಾಡುವುದಿಲ್ಲ.

‘ಆಟೋ ಲೋಡ್’ ಅನ್ನು ಆಫ್‌ನಲ್ಲೇ ಬಿಟ್ಟು ಒಂದು ಚಿಕ್ಕ ಪ್ರಿವ್ಯೂ ಚಿತ್ರ ತೋರಿಸಿ, ಪುಟ ತೆರೆದ ಎಲ್ಲರ ಡೇಟಾ ಖರ್ಚು ಮಾಡಬೇಕಿಲ್ಲ. ತಾನೇ ತಿರುಗುವ ಆಟೋ ರೊಟೇಟ್ ಮೊದಲ ದೃಶ್ಯದಲ್ಲಿ ನಿಧಾನಕ್ಕೆ ಇದ್ದರೆ ಸರಿ. ಎಲ್ಲ ದೃಶ್ಯಗಳಲ್ಲೂ ಹಾಕಿದರೆ ಇಷ್ಟೆಲ್ಲ ಕಷ್ಟಪಟ್ಟು ಹೊಂದಿಸಿದ ದಿಕ್ಕು ಕೈಬಿಟ್ಟು ಹೋಗುತ್ತದೆ.

ಪರೀಕ್ಷೆಗೆ ಒಂದು ಹಳೆಯ ಫೋನ್, ವೈಫೈ ಆಫ್. ಆ ಜಾಗವನ್ನು ಯಾವತ್ತೂ ನೋಡಿಲ್ಲದ ಒಬ್ಬರ ಕೈಗೆ ಅದನ್ನು ಕೊಡಿ. ಏನೂ ಹೇಳಬೇಡಿ, ‘ಆ ಬಾಣ ಒತ್ತು’ ಅಂತಲೂ ಹೇಳಬೇಡಿ. ಐದಾರು ದೃಶ್ಯ ಸುತ್ತಿದ ಮೇಲೆ ‘ಮೊದಲ ಬಾಗಿಲು ಯಾವ ಕಡೆ?’ ಅಂತ ಕೇಳಿ. ಅವರು ಫೋನ್ ನೋಡದೆ ಕೈ ತೋರಿಸಿದರೆ ಲಿಂಕ್ ಎಲ್ಲರಿಗೂ ಕಳಿಸಿ. ಸುತ್ತುವಾಗ ಎಲ್ಲಿ ಬೆರಳು ತಡವರಿಸಿ ಹಿಂದಕ್ಕೂ ಮುಂದಕ್ಕೂ ಎಳೆಯಿತೋ ಆ ದೃಶ್ಯದ ಹೆಸರು ಬರೆದುಕೊಂಡು, ಅಲ್ಲಿಗೆ ಬರುವ ಬಾಣದ ಟಾರ್ಗೆಟ್ ಯಾ ಇನ್ನೊಂದು ಸಲ ಕೂಡಿ ಕಳೆದು ನೋಡಿ.